ಅಳತೆ ಪುಸ್ತಕದ ಒಂದು ಹಾಳೆ

ಭುಜ ಹದಿಮೂರೂವರೆ. ಸೊಂಟ ಒಂಬತ್ತು.
ಕೆಳಗೆ ಹದಿನೇಳು. ಕುತ್ತಿಗೆ ಉದ್ದ. ತೋಳಿಲ್ಲ.
ಗಿರಾಕಿಯ ಹೆಸರು: ಚೆಲ್ಲೊ.
ಚೆಲ್ಲೊ ಅಂದರೆ ಚೆಲ್ಲುವುದಾ ಅಂತ ಕೇಳಿದೆ.
ಎವ್ಲಿನ್ ನಕ್ಕಳು: ಸಂಜೆ ಬನ್ನಿ ಟೈಲರಕ್ಕ, ಚೆಲ್ಲುತ್ತೇನೆ.

ಬೇಳದ ಹುಡುಗಿ. ಕುಂಬಳೆ ಸ್ಟೇಷನಿನಲ್ಲಿ ಇಳಿಯುವಾಗ
ಚೀಲದ ಜಿಪ್ಪು ಹರಿದು, ಮಲಗಿದ ಮಗುವನ್ನು ಹೊತ್ತಂತೆ ಹೊತ್ತು
ನೇರ ನನ್ನ ಅಂಗಡಿಗೆ ಬಂದಿದ್ದಳು.
ಮದುಮಗಳ ರವಿಕೆ ಬದಿಗಿಟ್ಟು ಟೇಪು ಹಿಡಿದೆ.
ಮರ ಬೆಚ್ಚಗಿತ್ತು. ಬೆರಳು ತಾಗಿದ್ದಕ್ಕೇ
ಒಳಗಿಂದ ಏನೋ ಗುಂಯ್ ಅಂದಿತು.
ಅಳತೆ ಕೊಡುವಾಗ ಉಸಿರು ಬಿಗಿ ಹಿಡಿಯುವವರೇ ಹೆಚ್ಚು.
ಇದು ಬಿಟ್ಟಿತು.

ಪರದೆಯೂ ನನ್ನದೇ ಹೊಲಿಗೆ.
ರುಖಿಯಾ ಹೇಳಿದ್ದಳು: ಹನ್ನೆರಡು ಅಡಿ ಅಗಲ, ಒಂದೇ ಬಿಳಿ.
ಒಂದೇ ಬಿಳಿ ಎಲ್ಲಿ ಸಿಗುತ್ತದೆ?
ಒಂದು ತಾನು ಉಪ್ಪಳದ್ದು, ಇನ್ನೊಂದು ಕಾಸರಗೋಡಿನದ್ದು.
ಹಗಲಲ್ಲಿ ಎರಡೂ ಒಂದೇ; ಬಲ್ಬಿನ ಕೆಳಗೆ
ಒಂದು ಹಾಲು, ಒಂದು ಗಂಜಿ.
ನಡುವಿನ ಹೊಲಿಗೆಯನ್ನು ಇಸ್ತ್ರಿ ಒತ್ತಿ ಒತ್ತಿ ಮಲಗಿಸಿದೆ.
ಮಲಗಲಿಲ್ಲ.

ಕೊಪ್ಪರದ ಗೋದಾಮು. ಕನರು ಎಣ್ಣೆಯ ವಾಸನೆ.
ಗೋಣಿಯ ಮೇಲೆ ನಾವು ನಲ್ವತ್ತು ಜನ,
ಬಾಗಿಲಲ್ಲಿ ಮೀನಿನ ಬುಟ್ಟಿ ಇಳಿಸಿ ಬಂದ ಅವ್ವಮ್ಮ.
ಕೊರಗಪ್ಪಣ್ಣ ಯಂತ್ರಕ್ಕೆ ರೀಲು ಏರಿಸಿದರು;
ಟಾಕೀಸು ಮುಚ್ಚಿ ಇಪ್ಪತ್ತು ವರ್ಷ, ಬೆರಳಿಗೆ ಮರೆವಿಲ್ಲ.

ಆ ರೀಲು ಗುಜರಿಯಲ್ಲಿ ಕಿಲೋ ಲೆಕ್ಕಕ್ಕೆ ಸಿಕ್ಕಿದ್ದು, ಯಾರ ಮದುವೆಯೋ.
ರುಖಿಯಾ ಅದನ್ನು ಶಿರಿಯ ಅಳಿವೆಯ ಕೆಸರಲ್ಲಿ
ಒಂದು ಬಾಣಂತನದಷ್ಟು ದಿನ ಹೂತಿಟ್ಟಳು.
ಉಪ್ಪು ಮುಖ ತಿಂದಿತು. ಏಡಿ ಅಂಚು ಕೊರೆಯಿತು.
ಉಳಿದದ್ದೇ ಸಿನಿಮಾ.
ಮರ್ಲ್ ಮಾರಾಯ್ರೆ, ಅಂದರು ಹಿಂದೆ ಯಾರೋ.

ಮೊದಲಿಗೆ ಬರೀ ಗುಳ್ಳೆ, ನೀಲಿ, ತುಕ್ಕು.
ಚೆಲ್ಲೊ ಸುಮ್ಮನಿತ್ತು, ಕಮಾನು ಅವಳ ತೊಡೆಯ ಮೇಲೆ.
ಆಮೇಲೆ ಒಂದು ಕೈ, ಬಳೆ ಸಮೇತ, ಕೆಸರಿಂದ ಎದ್ದ ಹಾಗೆ.
ಎಲ್ಲಕ್ಕಿಂತ ದಪ್ಪದ ತಂತಿ ಎಳೆದಳು.
ನೆಲ ಕೇಳಿತು ಮೊದಲು, ಮತ್ತೆ ಗೋಣಿ, ಮತ್ತೆ ನನ್ನ ಮಂಡಿ.
ಕಿವಿಗೆ ಕೊನೆಗೆ ಬಂತು.

ಚಿತ್ರ ಕೇಳುತ್ತದೆ, ಅವಳು ಹೇಳುತ್ತಾಳೆ ಅಂದುಕೊಂಡೆ.
ಅಲ್ಲ. ಕೆಲವೊಮ್ಮೆ ಅವಳೇ ಎಳೆದು ಕಾಯುತ್ತಿದ್ದಳು,
ಕಪ್ಪಿನಲ್ಲಿ ಏನೋ ಅಲುಗಿ ಹೂಂ ಅನ್ನುತ್ತಿತ್ತು.
ಒಮ್ಮೆ ಜಗಳವೇ ಆಯಿತು: ಅಲ್ಲಿ ಗೀಚು ಗೆರೆ, ಇಲ್ಲಿ ಗರಗಸ;
ಮಗುವೊಂದು ಅತ್ತಿತು.
ಹೊರಗೆ ಮಂಗಳೂರಿನ ರೈಲು ಕೂಗಿದಾಗ
ಆ ಕೂಗಿನ ಅಡಿಗೆ ಒಂದು ಸ್ವರ ಮಣೆ ಹಾಕಿ
ರೈಲನ್ನೂ ಒಳಗೆ ಕೂರಿಸಿದಳು.

ಮಾತಿಲ್ಲ, ಅಡಿಬರಹವಿಲ್ಲ.
ಇದು ನಮ್ಮ ಆಯಿಶನ ಮದುವೆ, ಅಂದಳು ಅವ್ವಮ್ಮ ಬ್ಯಾರಿಯಲ್ಲಿ.
ನಮ್ಮ ಅಜ್ಜಿಯದ್ದು, ಕೊಂಕಣಿಯಲ್ಲಿ ಯಾರೋ.
ಕೊರಗಪ್ಪಣ್ಣ ಎಲ್ಲರನ್ನೂ ಮಲಯಾಳದಲ್ಲಿ ಸುಮ್ಮನಾಗಿಸಿದರು.

ಆಗ ಮದುಮಗಳು.
ಅರ್ಧ ಮುಖ ಉಳಿದಿತ್ತು. ಎಡದಿಂದ ನಡೆದು ಬಂದಳು,
ಹಾಲಿನಿಂದ ಗಂಜಿಗೆ,
ನನ್ನ ಹೊಲಿಗೆಯ ಹತ್ತಿರ ಬಂದು
ಎರಡಾದಳು.
ನಾನು ತಲೆ ತಗ್ಗಿಸಿದೆ.

ಎವ್ಲಿನ್ ಕಮಾನು ಎತ್ತಿದಳು.
ಮದುಮಗಳು ದಾಟುವವರೆಗೆ ಇಳಿಸಲಿಲ್ಲ.
ಆಮೇಲೆ ಏನೇ ದಾಟಲಿ, ತಟ್ಟೆ, ದೀಪ, ಯಾರದೋ ಹೆಗಲು,
ಆ ಗೆರೆಯಲ್ಲಿ ಒಂದು ಮೌನ,
ನೂಲು ಕಚ್ಚಿ ಕತ್ತರಿಸುವಷ್ಟು ಹೊತ್ತು.

ರೀಲು ಮುಗಿದು ಬಾಲ ಟಪಟಪ ಬಡಿಯಿತು.
ಕೊರಗಪ್ಪಣ್ಣ ದೀಪ ಆರಿಸಲಿಲ್ಲ.
ಪರದೆಯಲ್ಲಿ ಈಗ ನಾನೊಬ್ಬಳೇ: ಹಾಲು, ಗಂಜಿ,
ನಡುವೆ ಮೊಳದಷ್ಟು ಸೊಟ್ಟ. ಅಲ್ಲಿ ಕರೆಂಟು ಹೋಗಿತ್ತು.
ಆ ಸೊಟ್ಟವನ್ನೂ ಬಿಡದೆ
ಮೇಲಿಂದ ಕೆಳಗಿನವರೆಗೆ
ಒಂದೇ ಎಳೆತದಲ್ಲಿ ನುಡಿಸಿದಳು.

ಮರುದಿನ ಪರದೆ ಬಿಚ್ಚಿದೆ.
ಹಾಲು ಶಾಲೆಯ ಅಂಗಿಗೆ, ಗಂಜಿ ಒಳಲಂಗಕ್ಕೆ.
ಅಂಚಿನುದ್ದಕ್ಕೆ ಸೂಜಿಯ ತೂತು ಇನ್ನೂ ಇವೆ,
ಬಿಸಿಲಿಗೆ ಹಿಡಿದರೆ ಮೇಜಿನ ಮೇಲೆ ಬೆಳಕಿನ ಸಾಸಿವೆ.

ಚೀಲದ ಕೂಲಿ ಮುನ್ನೂರು, ಸಂದಿದೆ.
ಹಾಳೆಯಲ್ಲಿ ತೋಳಿಲ್ಲ ಅಂತ ಬರೆದದ್ದನ್ನು
ಹೊಡೆದುಹಾಕಿದ್ದೇನೆ.